ಗೌರವದ ರಜೆ

ಹಂಡೆಯಿಂದ ನೀರು ತೋಡುತ್ತಿದ್ದ ಪೂರ್ವಾಳ ಕೈ ಅರ್ಧಕ್ಕೇ ನಿಂತಿತು. ಅಂಗಳದಲ್ಲಿ ಕಾಲೇಜಿನ ಶಿಪಾಯಿ ಪೀರಪ್ಪ ಯಾರಿಗೋ ಹೇಳುತ್ತಿದ್ದ.

“ನಮ್ಮ ವಿಶ್ವನಾಥ ಸರ್ ಗೌರವಕ್ಕ ಇವತ್ತ ಕಾಲೇಜಿಗಿ ಸೂಟಿ ಕೊಟ್ಟಾರ್ರಿ. ಎಲ್ಲಾ ಖೋಲಿಗಿ ಕೀಲಿ ಹಾಕಿ, ಮೇನ್ ಸ್ವಿಚ್ ಇಳಿಸೇ ಬಸ್ ಹತ್ತೀನಿ. ಸೂಟಿ ಅಂದ್ರ ಮೇನ್ ಬಂದ್. ರೂಲ್ ಅಂದ್ರ ರೂಲ್.”

ಪೂರ್ವಾ ಗಡಿಯಾರ ನೋಡಿದಳು. ಹತ್ತು. ಇವನು ಏಳಕ್ಕೆ ಇಳಿಸಿದ್ದರೆ ಮೂರು ತಾಸು. ಜನವರಿಯ ಚಳಿ ಇನ್ನೂ ಬಿಟ್ಟಿರಲಿಲ್ಲ.

ಪಡಸಾಲೆಯಲ್ಲಿ ಅವಳ ಕಾಕಾ ವಿಶ್ವನಾಥ ಚಾಪೆಯ ಮೇಲೆ ಮಲಗಿದ್ದರು. ನಿನ್ನೆ ಸಂಜೆ ಸೊಲ್ಲಾಪುರದ ಕಾಲೇಜಿನಲ್ಲಿ ತಮ್ಮ ಪ್ರಯೋಗಾಲಯಕ್ಕೆ ಬೀಗ ಹಾಕಿ ಮೆಟ್ಟಿಲಿಳಿಯುವಾಗ ಎದೆ ಹಿಡಿದು ಕುಳಿತವರು ಮತ್ತೆ ಏಳಲಿಲ್ಲ. ನಸುಕಿನಲ್ಲಿ ದೇಹವನ್ನು ಅಕ್ಕಲಕೋಟಕ್ಕೆ, ಅಣ್ಣನ ಮನೆಗೆ ತಂದಿದ್ದರು.

“ಇಪ್ಪತ್ತ ವರ್ಷ ಇಲಿ ಮಿದುಳು ನೋಡ್ಕೊತ ಕುಂತ ನಮ್ಮ ತಮ್ಮ,” ಇಂದುಬಾಯಿ ಅತ್ಯಾ ಕಣ್ಣೊರೆಸಿಕೊಂಡರು. “ಒಂದ್ ನೆಗಡಿ ಗುಳಿಗಿ ಆದ್ರೂ ಕಂಡ್ಹಿಡದನೇನು?”

“ಇಲಿ ಆದ್ರೂ ಶಾಣ್ಯಾ ಆದ್ವಿಲ್ಲೋ?” ಎಂದಳು ನೆರೆಮನೆಯ ನೀಲಾಬಾಯಿ. ಇಬ್ಬರಿಗೂ ನಗು ಬಂತು. ಸೆರಗು ಬಾಯಿಗಿಟ್ಟುಕೊಂಡರು, ಅದೇ ಸೆರಗಿನಲ್ಲಿ ಮತ್ತೆ ಅತ್ತರು.

*

ಏಳನೆಯ ಇಯತ್ತೆಗೆ ಸಾಲೆ ಬಿಟ್ಟು ಮೂಲೆ ಹಿಡಿದಿದ್ದ ಪೂರ್ವಾಳನ್ನು ಕಾಕಾ ಸೊಲ್ಲಾಪುರಕ್ಕೆ ಕರೆದೊಯ್ದದ್ದು ಸೀಸೆ ತೊಳೆಯುವುದಕ್ಕೆ. ಒಂದು ದಿನ ಸೂಕ್ಷ್ಮದರ್ಶಕದ ಮುಂದೆ ಕೂರಿಸಿದರು. ನೀರಿನಲ್ಲಿ ಸಣ್ಣ ಸಣ್ಣ ಉಂಡೆಗಳು ತೇಲುತ್ತಿದ್ದವು.

“ಇಲಿ ಮಿದುಳಿನ ಮೂಲಕೋಶ. ಇವು ಇನ್ನೂ ಏನೂ ಆಗಿಲ್ಲ. ನೀ ನರ ಆಗು ಅಂತ ಇವಕ್ಕ ಯಾರರೆ ಹೇಳಬೇಕು.”

“ಯಾರ್ ಹೇಳ್ತಾರ, ಕಾಕಾ?”

“ಬಾಜೂ ಕೋಶ. ಅದು ಒಂದೀಟು ರಸ ಬಿಡ್ತದ. ಇದರ ಮೈಮ್ಯಾಗ ಅದನ್ನ ಹಿಡಿಯೂ ಜಾಗಾ ಇರ್ತದ. ಹಿಡೀತಂದ್ರ ಒಳಗ ಸುದ್ದಿ ಮುಟ್ಟತದ. ಆ ಸುದ್ದಿ ಯಾವ ದಾರೀಲೆ ಹೋಗ್ತದ, ಅದನ್ನ ಹುಡುಕಾಕತ್ತೀನಿ ನೋಡು.”

ಆ ದಾರಿಯ ಬಗ್ಗೆ ಅವರು ಬರೆದ ಪ್ರಬಂಧಗಳು ಎರಡೇ. ಬೆಳೆಸಿದ ಕೋಶಗಳು ಎರಡು ಸಲ ಕರೆಂಟು ಹೋಗಿ ಸತ್ತಿದ್ದವು. ಮೂರನೆಯ ಸಲದವು ಹನ್ನೊಂದು ತಿಂಗಳು ಬದುಕಿದ್ದವು. ಸೋಮವಾರ ಪುಣೆಯಿಂದ ಬರುವವರು ಅವನ್ನು ಒಯ್ದು ಕೆಲಸ ಮುಂದುವರಿಸುವವರಿದ್ದರು. ಅಲ್ಲಿಯವರೆಗೆ ಇದ್ದದ್ದು ನಾಲ್ಕೇ ಸೀಸೆ, ಕರೆಂಟಿನಿಂದ ಮೈಬಿಸಿಯಷ್ಟೇ ಕಾವು ಹಿಡಿದಿಡುವ ಕಾವುಪೆಟ್ಟಿಗೆಯಲ್ಲಿ. ಸೂಟಿಯ ದಿನ ಕಾಕಾ ತಾವೇ ಹೋಗಿ ಕೂರುತ್ತಿದ್ದರು. ಹಾಗಾಗಿ ಮೇನ್ ಯಾವತ್ತೂ ಇಳಿದಿರಲಿಲ್ಲ.

*

“ಪೀರಪ್ಪ ಮಾಮಾ, ಕೀಲಿ ಕೊಡ್ರಿ.”

ಮೊದಲ ಸಲ ಅವನಿಗೆ ಕೇಳಿಸಲಿಲ್ಲ. ಅಂಗಳದ ತುಂಬ ಗಂಡಸರು. ಪೂರ್ವಾ ನೆಲ ನೋಡುತ್ತ ಇನ್ನೊಮ್ಮೆ ಹೇಳಿದಳು.

“ಎದಕ್ಕವಾ?”

“ಸ್ವಿಚ್ ಹಾಕಬೇಕು. ಕೋಶ ಸಾಯ್ತಾವ.”

ಪೀರಪ್ಪನ ಮುಖ ಬಿಳಿಚಿತು. “ಯಪ್ಪಾ... ನಂಗ ಲಕ್ಷಕ್ಕss ಬರ್ಲಿಲ್ಲ. ಸ್ಮಶಾನದ ತನಕ ಸರ್ ಸಂಗ್ಟ ನಡದು, ನಾನss ಓಡಿ ಹೋಗ್ತೀನಿ, ತಂಗಿ.”

“ಅಷ್ಟೊತ್ತ ತಡ್ಯಾಂಗಿಲ್ಲ.”

“ನೋಡ್ರೆವ್ವಾ ಇಕಿನ್ನ!” ಇಂದುಬಾಯಿ ಹೊಸ್ತಿಲಿಗೆ ಬಂದರು. “ಸತ್ತಾಂವ ಇನ್ನಾ ಮನ್ಯಾಗ ಮಲಗ್ಯಾನ, ಇಕಿಗಿ ಇಲಿ ಚಿಂತಿ! ಹೆಣ ಎತ್ತೂಕಿಂತ ಮೊದ್ಲ ಮನಿ ಹುಡುಗಿ ಹೊರಗ ಬಿದ್ರ ಮಂದಿ ಏನಂದಾರು?”

ಪೂರ್ವಾಳಿಗೆ ಒಳಗೆ ಹೋಗಿಬಿಡಬೇಕೆನಿಸಿತು. ಹೋಗಲಿಲ್ಲ.

ಬೆಳಗಿನಿಂದ ಗಂಡನ ತಲೆಯ ಹತ್ತಿರ ಕುಳಿತಿದ್ದ ದ್ವಾರಕಾ ಕಾಕು ತಲೆಯೆತ್ತಿದಳು.

“ಎಷ್ಟೊತ್ತ ತಡೀತಾವು?”

“ಗೊತ್ತಿಲ್ಲ ಕಾಕು. ಮಧ್ಯಾಹ್ನದ ತನಕ ಇರಬಹುದು.”

“ಪೀರಪ್ಪಾ, ಕೀಲಿ ಕೊಡು.”

“ದ್ವಾರಕಾ!” ಎಂದರು ಇಂದುಬಾಯಿ.

“ನನ್ನ ಬಾಣಂತನಕ್ಕೂ ಬರ್ಲಿಲ್ಲ ಅವ್ರು, ಅಕ್ಕಾ. ಆ ಖೋಲ್ಯಾಗss ಕುಂತಿದ್ರು. ಆ ಕೋಶನೂ ಇಲ್ಲಂದ್ರ ನಾ ಇನ್ನ ಯಾರ ಮ್ಯಾಗ ಸಿಟ್ಟಾಗ್ಲಿ?”

ಪೀರಪ್ಪ ಕೀಲಿಗೊಂಚಲನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟ.

ಮೈಂದರ್ಗಿಯಿಂದ ಬಂದ ಎಸ್.ಟಿ. ಬಸ್ಸು ತುಂಬಿತ್ತು. ಪೂರ್ವಾ ಸೊಲ್ಲಾಪುರದವರೆಗೂ ನಿಂತೇ ಹೋದಳು. ಪ್ರತಿ ನಿಲ್ದಾಣದಲ್ಲಿ ಹತ್ತುವವರು ನಿಧಾನ, ಇಳಿಯುವವರು ಇನ್ನೂ ನಿಧಾನ.

ಕಾಲೇಜಿನ ಗೇಟು ತೆಗೆದು, ಓಡಿ, ವರಾಂಡದ ಮೇನ್ ಸ್ವಿಚ್ ಮೇಲೆತ್ತಿದಳು. ದೀಪ ಹತ್ತಲಿಲ್ಲ. ಇಳಿಸಿ ಮತ್ತೆ ಎತ್ತಿದಳು.

“ಲೈಟ್ ಇಲ್ಲ ಯವ್ವಾ,” ರಸ್ತೆಯಾಚೆಯ ಪಾನಿನ ಅಂಗಡಿಯವನು ಕೂಗಿ ಹೇಳಿದ. “ಲೈನ್ ರಿಪೇರಿಗಿ ಹನ್ನೊಂದಕ್ಕ ಹೋಗ್ಯಾವು. ನಾಕಕ್ಕ ಬರ್ತಾವು.”

ಪ್ರಯೋಗಾಲಯದ ಬೀಗ ತೆಗೆದು ಒಳಹೊಕ್ಕು ಕಾವುಪೆಟ್ಟಿಗೆಯ ಬಾಗಿಲು ತೆಗೆದಳು. ಮೂವತ್ತೇಳರಲ್ಲಿರಬೇಕಿದ್ದ ಒಳಗಿನ ಉಷ್ಣಮಾಪಕ ಇಪ್ಪತ್ತೆಂಟಕ್ಕೆ ಇಳಿದಿತ್ತು. ನಾಲ್ಕು ಚಪ್ಪಟೆ ಸೀಸೆಗಳು. ಸತ್ತಿವೆಯೋ ಇಲ್ಲವೋ, ಬರಿಗಣ್ಣಿಗೆ ತಿಳಿಯುವಂತಿರಲಿಲ್ಲ.

ಮುಚ್ಚಳಗಳನ್ನು ಬಿಗಿ ಮಾಡಿದಳು. ಕೋಣೆಯ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದಳು. ಒಂದೊಂದಾಗಿ ಸೀಸೆಗಳನ್ನು ಅಂಗಿಯೊಳಗೆ ಹೊಟ್ಟೆಗೆ ಒತ್ತಿಟ್ಟು, ಮೇಲೆ ಓಢಣಿ ಸುತ್ತಿ ಕಟ್ಟಿದಳು. ತಣ್ಣನೆಯ ಗಾಜಿಗೆ ಮೈ ಝುಮ್ಮೆಂದಿತು.

ಅಷ್ಟು ಹೊತ್ತಿಗೆ ಅಕ್ಕಲಕೋಟದಲ್ಲಿ ಬೆಂಕಿ ಕೊಟ್ಟಿರಬೇಕು. ಪೂರ್ವಾ ಸ್ಟೂಲಿನ ಮೇಲೆ ಬೆನ್ನು ನೆಟ್ಟಗೆ ಮಾಡಿ ಕುಳಿತಳು. ಅಳು ಬಂದಾಗ ಹೊಟ್ಟೆ ಅದುರಿತು. ಸೀಸೆಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದವು. ಅವಳು ಉಸಿರು ಬಿಗಿಹಿಡಿದಳು. ಗಾಜಿನ ಸದ್ದು ನಿಂತಿತು.