ಸಾಂತಾ ಮರೀಯಾ ವಾರಕ್ಕೊಂದು ಮನೆ

ಮ್ಯಾಕರೋನಿಯ ಮೇಲಿನ ಕರಕಲು ಪದರ ಹಲ್ಲಿನಡಿಯಲ್ಲಿ ಕರಕ್ ಎಂದಿತು, ಅತ್ತೆ ಇದನ್ನು ಬೇಕೆಂದೇ ಸ್ವಲ್ಪ ಸೀಯಿಸುತ್ತಾರೆ, ಮೂಲೆಯ ತುಂಡು ಯಾವತ್ತೂ ಸಾಲ್ವಿನಾಗೇ, ಸೊಸೆಗೆ ಅದೇ ಇಷ್ಟ ಎಂದು ಮದುವೆಯಾದ ಹೊಸದರಲ್ಲಿ ಯಾರೋ ಹೇಳಿದ್ದನ್ನು ಜೆಮ್ಮಾ ಅತ್ತೆ ಇವತ್ತಿಗೂ ಮರೆತಿಲ್ಲ — ಒಳ್ಳೆಯ ಹೆಂಗಸು, ಅದೇ ಬಂದಿರುವ ಕಷ್ಟ, ಸ್ವಲ್ಪ ಕೆಟ್ಟವರಾಗಿದ್ದಿದ್ದರೆ ಸುಳ್ಳು ಹೇಳುವುದು ಎಷ್ಟು ಹಗುರವಾಗಿರುತ್ತಿತ್ತು — ಎದುರಿಗೆ ನಾದಿನಿ ಮಾರ್ತೀಸ್ ಊಟ ಬಿಟ್ಟು ಫೋನಿನಲ್ಲಿ ಮನೆಗಳ ಚಿತ್ರ ಸರಿಸುತ್ತಿದ್ದಾಳೆ, ಆಗಸ್ಟಿನ ಸಾಂತಾ ಮರೀಯಾ ಹಬ್ಬದ ವಾರಕ್ಕೆ ಪಕ್ಕದ ಗೋಜೋ ದ್ವೀಪದಲ್ಲಿ ಒಂದು ಮನೆ, ಈಜುಕೊಳ ಇರಬೇಕು, ಅಮ್ಮನಿಗೆ ಮೆಟ್ಟಿಲು ಇರಬಾರದು, ಈಗಲೇ ಹಿಡೀಲಿಲ್ಲ ಅಂದ್ರೆ ಇಡೀ ಮಾಲ್ಟಾ ನಮಗಿಂತ ಮುಂಚೆ ಹಡಗು ಹತ್ತಿರುತ್ತೆ ಅಷ್ಟೆ. ಹತ್ತುತ್ತದೆ, ಅದು ನಿಜ, ಕಾರಿನ ತಲೆಯ ಮೇಲೆ ಫ್ಯಾನು, ಕಲ್ಲಂಗಡಿ, ಅಜ್ಜಿಯ ಕುರ್ಚಿ, ಕಾಫಿ ಆರುವಷ್ಟರಲ್ಲಿ ಮುಗಿಯುವ ಕಡಲನ್ನು ದಾಟಲು ಪರದೇಶಕ್ಕೆ ಹೊರಟವರ ಸಡಗರ, ಇಷ್ಟು ವರ್ಷ ಸಾಲ್ವಿನಾ ಈ ಸಡಗರವನ್ನು ಹೇಗೋ ಸಿಸಿಲಿಯ ಕಡೆಗೆ ತಿರುಗಿಸಿಬಿಡುತ್ತಿದ್ದಳು, ಅಯ್ಯೋ ಗೋಜೋದಲ್ಲಿ ಏನಿದೆ, ನಾನು ಹುಟ್ಟಿ ಬೆಳೆದ ಊರು, ನೋಡಿ ನೋಡಿ ಸಾಕಾಗಿದೆ ಎಂದು, ಈ ಸಲ ಆಗಲಿಲ್ಲ, ಅತ್ತೆಯ ಮಂಡಿ ವಿಮಾನ ಬೇಡವೆಂದಿದೆ, ಅತ್ತೆಗೆ ಶಾರಾ ಊರಿನ ಆ ಹಳೇ ಗುಡಿಯ ಕಲ್ಲುಗಳನ್ನು ನೋಡಬೇಕು, ಶಾಲೆಯಲ್ಲಿದ್ದಾಗ ಒಮ್ಮೆ ನೋಡಿದ್ದಂತೆ, ರಾಕ್ಷಸಿ ಒಬ್ಬಳು ಹೆಗಲ ಮೇಲೆ ಕೂಸು ಕೂರಿಸ್ಕೊಂಡು ಹೊತ್ತು ತಂದ ಕಲ್ಲಂತಲ್ಲಾ, ಬರೀ ಕಾಳು ಜೇನುತುಪ್ಪ ತಿಂದ್ಕೊಂಡು, ನಿಜವೇನೇ ಸಾಲ್ವಿನಾ, ನೀನು ಅಲ್ಲಿಯವಳಲ್ವಾ. ನಿಜ ಅತ್ತೆ, ಎಂದಳು, ಇವತ್ತು ಈ ಮೇಜಿನ ಮುಂದೆ ಅವಳು ಆಡಿದ ನಿಜ ಅದೊಂದೇ ಇರಬೇಕು, ಕಾವಲುಗಾರ ಊಟಕ್ಕೆ ಹೋದ ಹೊತ್ತಿನಲ್ಲಿ ಬೇಲಿ ನುಸುಳಿ ಅಕ್ಕತಂಗಿ ಇಬ್ಬರೂ ಅಲ್ಲಿ ಮನೆಯಾಟ ಆಡುತ್ತಿದ್ದದ್ದು, ಬಿಸಿಲಿಗೆ ಕಾದ ಕಲ್ಲಿನ ಹಾಸಿನ ಮೇಲೆ ಅಕ್ಕ ಲೋನ್ಸಾ ತನ್ನ ಸ್ವೆಟರ್ ಹರಡಿ, ಒಂದು ಮಂಡಿ ಊರಿ, ಅಂಗೈಯಿಂದ ನಡುವಿನಿಂದ ಅಂಚಿಗೆ ಸವರಿ ಸವರಿ, ಹಾಸಿಗೆ ಆಯ್ತು ಬಂಗಾರ, ಮಲ್ಕೋ — ಇವಳು ಮಲಗುತ್ತಿದ್ದಳು, ನಿದ್ದೆ ಬಂದಂತೆ ನಟಿಸಿ ಕೊನೆಗೆ ನಿಜವಾಗಿಯೂ ನಿದ್ದೆ ಹೋಗುತ್ತಿದ್ದಳು.

ಇದು ನೋಡಿ, ಇದು, ಇದು, ಮಾರ್ತೀಸ್ ಫೋನನ್ನು ಉಪ್ಪಿನ ಬಟ್ಟಲಿಗೆ ಒರಗಿಸಿ ನಿಲ್ಲಿಸಿದಳು, ಹಳದಿ ಕಲ್ಲಿನ ಮನೆ, ಕೊಳ, ಕೊಳದಾಚೆ ಹೊಲ, ಹೊಲದಾಚೆ ಗುಡಿಯ ಬೆನ್ನು, ಅಮ್ಮಾ ನೀನು ಹಾಸಿಗೆಯಿಂದ ಏಳೋದೂ ಬೇಡ, ಕಿಟಕೀಲೇ ನಿನ್ನ ರಾಕ್ಷಸಿ ಕಲ್ಲು ಕಾಣುತ್ತೆ — ಆ ನೀಲಿ ಬಾಗಿಲು, ಸಾಲ್ವಿನಾಗೆ ಆ ಬಾಗಿಲು ಗೊತ್ತು, ಹೋದ ವರ್ಷ ಅಕ್ಕನನ್ನು ನೋಡಿ ಬರೋಣವೆಂದು ಒಬ್ಬಳೇ ಹೋಗಿದ್ದಾಗ ಮನೆಯಲ್ಲಿ ಅಕ್ಕ ಇರಲಿಲ್ಲ, ಬೀಗದ ಕೈ ಬಾಗಿಲಲ್ಲೇ ಹೊರಗಡೆಗೆ ಸಿಗಿಸಿತ್ತು, ಗೋಜೋದವರ ಅಭ್ಯಾಸ, ಯಾರು ಬೇಕಾದರೂ ಬನ್ನಿ ಎಂಬಂತೆ, ಪಕ್ಕದಾಕೆ ಹೇಳಿದಳು ಲೋನ್ಸಾ ಆ ನೀಲಿ ಬಾಗಿಲ ಮನೇಲಿ ಅವ್ಳೆ, ರಜಕ್ಕೆ ಬಂದೋರು ಹೋದ್ರು, ಹಾಸಿಗೆ ಬದಲಾಯಿಸ್ತಾ ಅವ್ಳೆ, ಹೋಗು. ಹೋದಳು, ಬಾಗಿಲು ತೆರೆದೇ ಇತ್ತು, ಒಂದು ಮಂಡಿ ಹಾಸಿಗೆಯ ಅಂಚಿಗೆ ಊರಿ ಅಕ್ಕ ಬಿಳೀ ಬಟ್ಟೆಯನ್ನು ಅಂಗೈಯಿಂದ ಸವರುತ್ತಿದ್ದಳು, ಕೊಳಕ್ಕೆ ಹಾಕುವ ಔಷಧಿಗೆ ಬಿರಿದು ಕೆಂಪಾದ ಅಂಗೈ, ಬೆನ್ನು ಈ ಕಡೆಗೆ, ಏನೋ ಗುನುಗುತ್ತಾ, ಅಕ್ಕಾ ಎಂದು ಕರೆಯಬಹುದಿತ್ತು, ಕರೆಯಲಿಲ್ಲ, ಬೆಕ್ಕಿನ ಹಾಗೆ ಹಿಂದಕ್ಕೆ ಸರಿದು ಅಕ್ಕನ ಮನೆಯ ಮೆಟ್ಟಿಲ ಮೇಲೆ ಕೂತು, ಅವಳು ಬಂದಾಗ ಈಗಷ್ಟೇ ಬಂದೆ ಕಣೆ ಎಂದಳು. ಓದ್ತೀನಿ ಕೇಳಿ ಜನ ಏನು ಬರೆದಿದಾರೆ, ಎಂದಳು ಮಾರ್ತೀಸ್, ಮನೆ ಕನ್ನಡಿ ಇದ್ದ ಹಾಗಿತ್ತು, ಹಾಂ, ಕೆಲಸದ ಲೋನ್ಸಾಗೆ ಬಾಯಿ ಸ್ವಲ್ಪ ಜಾಸ್ತಿ, ಬಾಗಿಲು ತಟ್ಟದೆ ಒಳಗೆ ಬಂದು ಕುರಿಹಾಲಿನ ಚೀಸ್ ಇಟ್ಟು ಹೋಗ್ತಾಳೆ, ನಮ್ಮ ಮಗುವಿಗೆ ಜ್ವರ ಬಂದಾಗ ರಾತ್ರಿಯೆಲ್ಲ ಕೂತಿದ್ದಳು — ನೋಡಮ್ಮಾ, ಎಂಥಾ ಹೆಂಗಸು, ಮಾರ್ತೀಸ್ ನಕ್ಕಳು, ಅತ್ತೆ ಅಯ್ಯೋ ಪಾಪ ಎಂದರು, ಗಂಡ ಗಾಡ್ವಿನ್ ತಲೆಯೆತ್ತಿ ಸಾಲ್ವಿನಾಳನ್ನು ನೋಡಿದ.

ಆ ಲೋನ್ಸಾ ಯಾರೆಂದು ಅವನಿಗೆ ಗೊತ್ತು, ಈ ಮನೆಯಲ್ಲಿ ಅವನೊಬ್ಬನಿಗೇ ಗೊತ್ತು, ಉಳಿದವರಿಗೆ ಸಾಲ್ವಿನಾಳ ಅಕ್ಕ ಎಂದರೆ ಅಲ್ಫೋನ್ಸಾ, ಮೆಲ್ಬರ್ನಿನಲ್ಲಿ ಇಟ್ಟಿಗೆ ಮನೆ, ಎರಡು ಕಾರು, ಮದುವೆಗೂ ಬರಲಾಗದಷ್ಟು ದೂರದಲ್ಲಿರುವ ದೊಡ್ಡ ಶ್ರೀಮಂತೆ — ಒಂದು ಕಾಲಕ್ಕೆ ಅದು ಸುಳ್ಳಾಗಿರಲಿಲ್ಲ, ಇಟ್ಟಿಗೆ ಮನೆ ಇತ್ತು, ಗಂಡನೂ ಇದ್ದ, ಗಂಡ ಬೇರೊಬ್ಬಳ ಹಿಂದೆ ಹೋದ ಮೇಲೆ ಅಕ್ಕ ಎರಡು ಪೆಟ್ಟಿಗೆ ಹಿಡಿದು ಊರಿಗೆ ಬಂದಳು, ಮತ್ತೆ ಬರೀ ಲೋನ್ಸಾ ಆದಳು, ಅವತ್ತೇ ಹೇಳಿಬಿಡಬಹುದಿತ್ತು, ಅತ್ತೆ ಅಳುತ್ತಿದ್ದರು, ಒಂದು ಪಾತ್ರೆ ಸಾರು ಕಟ್ಟಿ ಕೊಡುತ್ತಿದ್ದರು, ಅಷ್ಟೇ ತಾನೆ, ಆದರೆ ಈ ಸ್ಲೀಮಾ ಪಟ್ಟಣದಲ್ಲಿ, ಈ ಬೆಳ್ಳಿ ಚಮಚಗಳ ಮುಂದೆ, ನಿಮ್ಮ ಗೋಜೋದಲ್ಲಿ ಫೋರ್ಕ್ ಹಿಡೀತಾರೇನೇ ಎಂದು ತಮಾಷೆ ಮಾಡುವವರ ಮುಂದೆ, ಅವಳ ಬಳಿ ಇದ್ದ ಒಂದೇ ಒಂದು ಹೆಮ್ಮೆ ಆ ಇಟ್ಟಿಗೆ ಮನೆ, ರಜಕ್ಕೆ ಬಂದಿದ್ದಾಳೆ ಅತ್ತೆ, ಎಂದಳು ಮೊದಲು, ಆಮೇಲೆ ಹೋದಳು ಅತ್ತೆ, ಎಂದಳು, ಅಕ್ಕನನ್ನು ಬಾಯಿಮಾತಿನಲ್ಲೇ ವಿಮಾನ ಹತ್ತಿಸಿ ಕಳಿಸಿದಳು. ಪ್ರತಿ ಕ್ರಿಸ್‌ಮಸ್ಸಿಗೂ ಅತ್ತೆ ಜೇನಿನ ಬಳೆ‌ರೊಟ್ಟಿ ಮಾಡಿ ಆಸ್ಟ್ರೇಲಿಯಾದ ತನಕ ಒಡೆಯಬಾರದೆಂದು ಹತ್ತಿ ಇಟ್ಟು ಪೇಪರು ಸುತ್ತಿ ಟೇಪು ಹೊಡೆದು ಕೊಡುತ್ತಾರೆ, ಅಂಚೆಗೆ ಹಾಕೋದು ಮರೀಬೇಡ್ವೇ, ಸಾಲ್ವಿನಾ ಅದನ್ನು ಹಡಗಿನಲ್ಲಿ ಕೊಂಡುಹೋಗಿ ಅಕ್ಕನ ಕೈಗೆ ಕೊಡುತ್ತಾಳೆ, ಲೋನ್ಸಾ ಕತ್ತರಿ ಹಿಡಿದು ಕೂತು ನಗುತ್ತಾಳೆ, ಏನೇ ಇದು, ಏಳು ಸಮುದ್ರ ದಾಟಿಸೋ ಹಂಗೆ ಸುತ್ತವ್ರೆ ನಿಮ್ಮತ್ತೆ, ಸ್ವಲ್ಪ ಹುಚ್ಚೇನೇ ಅವ್ರಿಗೆ? ಹೂಂ ಕಣೆ ಸ್ವಲ್ಪ, ಎನ್ನುತ್ತಾಳೆ ಸಾಲ್ವಿನಾ, ಆ ಒಳ್ಳೆಯ ಮುದುಕಿಯನ್ನು ಹುಚ್ಚಿ ಮಾಡಿ.

ಕೊಳ ಚಿಕ್ಕದಲ್ವಾ, ಎಂದು ಹೇಳಿ ನೋಡಿದಳು ಸಾಲ್ವಿನಾ, ಗಾಳಿ ಬರುತ್ತೋ ಇಲ್ಲವೋ, ದಾರಿ ಕಡಿದು, ಏನೂ ನಡೆಯಲಿಲ್ಲ, ಮಾರ್ತೀಸಳ ಬೆರಳು ಆಗಲೇ ಮುಂಗಡ ಕಟ್ಟಿಯಾಗಿತ್ತು, ಅತ್ತೆ ಕಿಟಕಿಯ ಪಕ್ಕದ ಹಾಸಿಗೆ ನನಗೆ ಎಂದು ಮಗುವಿನಂತೆ ಕೈಯೆತ್ತಿದ್ದರು, ಬೆಳಗ್ಗೆ ಅಕ್ಕ ಬಾಗಿಲು ತಟ್ಟದೆ ಒಳಗೆ ಬರುತ್ತಾಳೆ, ಚೀಸಿನ ಬುಟ್ಟಿ, ಆ ಅಂಗೈ, ಸಾಲ್ವೀ ನೀನಾ! ಎನ್ನುತ್ತಾಳೆ, ಎಲ್ಲರ ಮುಂದೆ, ಬಾಯಿ ತುಂಬ — ಆಗ ಸಾಲ್ವಿನಾಳ ಬಾಯಿ ತಾನಾಗಿಯೇ ತೆರೆದುಕೊಂಡಿತು, ಆ ಹೆಂಗಸು ಮಾತ್ರ ಬೇಡ ಮಾರ್ತೀಸ್, ಬೇರೆ ಯಾರನ್ನಾದ್ರೂ ಕಳಿಸೋಕೆ ಹೇಳು, ನಮ್ಮ ಕಡೆ ಹೆಂಗಸರು ನಿನಗೆ ಗೊತ್ತಿಲ್ಲ, ಒಂದು ಸಲ ಒಳಗೆ ಬಿಟ್ಟರೆ ಮನೆ ತುಂಬ ಮೂಗು ತೂರಿಸ್ತಾರೆ, ಹೋದ ಮೇಲೆ ಊರೆಲ್ಲ ನಮ್ಮ ಕಥೆ. ಮೇಜಿನ ಸುತ್ತ ನಗು, ಅತ್ತೆ ಕಣ್ಣೊರೆಸಿಕೊಂಡು ನಕ್ಕರು, ಗೋಜೋದವಳೇ ಹೀಗೆ ಹೇಳ್ತಾಳೆ ಅಂದ್ಮೇಲೆ ನಿಜವೇ ಇರ್ಬೇಕು ಬಿಡಮ್ಮಾ, ಬರೀ ಮಾರ್ತೀಸ್, ಬರೀ, ಮಾರ್ತೀಸ್ ಬರೆದಳು, ಹೆಬ್ಬೆರಳುಗಳು ಟಕಟಕ, ಆಯ್ತಂತೆ, ಮಾಲೀಕ ಬೇರೆಯವರನ್ನ ನೋಡ್ತಾನಂತೆ, ಮುಗೀತು. ಗಾಡ್ವಿನ್ ಕಿತ್ತಳೆ ತೆಗೆದುಕೊಂಡು ಸಿಪ್ಪೆ ಸುಲಿಯತೊಡಗಿದ, ಬಿಳೀ ನಾರನ್ನು ಒಂದೊಂದಾಗಿ ಕಿತ್ತು ತಟ್ಟೆಯ ಅಂಚಿಗೆ ಇಡುತ್ತಿದ್ದ, ಬೈದಿದ್ದರೆ ಚೆನ್ನಾಗಿತ್ತು, ಕಾಲಿನಿಂದ ಕಾಲು ತುಳಿದಿದ್ದರೂ ಆಗುತ್ತಿತ್ತು, ಅವನು ಹೆಂಡತಿಯ ಕಡೆ ನೋಡಲೇ ಇಲ್ಲ, ಅವಳಿಗೆ ಕಿವಿಯ ತನಕ ಬಿಸಿ ಹತ್ತಿತು, ಇಷ್ಟು ವರ್ಷ ಅಕ್ಕನ ಬಗ್ಗೆ ನಾಚಿಕೆ ಎಂದುಕೊಂಡಿದ್ದಳಲ್ಲ, ಅದು ಯಾವ ಮಹಾ ನಾಚಿಕೆ, ಇದು ಬೇರೆ, ಇದು ತನ್ನ ಮುಖವನ್ನು ತಾನೇ ಹೊತ್ತುಕೊಂಡು ಕೂರಲಾಗದ ನಾಚಿಕೆ, ಕಾಫಿ ಬಂತು, ಸಕ್ಕರೆ ಹಾಕಿದಳೋ ಇಲ್ಲವೋ ನೆನಪಾಗದೆ ಮತ್ತೆ ಹಾಕಿದಳು.

ಸಾಲ್ವಿನಾಳ ಫೋನು ನಡುಗಿತು. ಆಸ್ಟ್ರೇಲಿಯಾನಾ? ಅತ್ತೆ ಗೋಡೆ ಗಡಿಯಾರ ನೋಡಿದರು, ಅಲ್ಲೀಗ ಸರಿರಾತ್ರಿ, ಪಾಪ ನಿದ್ದೆಗೆಟ್ಟು ಮಾಡ್ತಾಳೆ ನಿನ್ನಕ್ಕ, ನಾನು ಕೇಳ್ದೆ ಅಂತ ಹೇಳು, ಮಂಡಿ ಸರಿ ಇದ್ದಿದ್ರೆ ನಾನೇ ಬಂದು ನೋಡ್ತಿದ್ದೆ ಅಂತ ಹೇಳು — ಹೇಳ್ತೀನಿ ಅತ್ತೆ — ಮರದ ಚೌಕಟ್ಟಿನ, ಸುತ್ತ ಗಾಜು ಮುಚ್ಚಿದ ಬಾಲ್ಕನಿಗೆ ಹೋಗಿ ಗಾಜಿನ ಬಾಗಿಲು ಎಳೆದುಕೊಂಡಳು, ಒಳಗೆ ಬಿಸಿಲು ಕುದಿಯುತ್ತಿತ್ತು, ಸಾಲ್ವೀ ಊಟ ಆಯ್ತಾ ಬಂಗಾರ, ಮ್ಯಾಕರೋನಿ ತಾನೆ, ಮೂಲೆ ತುಂಡು ಸಿಕ್ತಾ, ಒಂದ್ ತಮಾಸೆ ಕೇಳು, ಮಾಲೀಕ ಈಗಷ್ಟೇ ಫೋನ್ ಮಾಡಿದ್ದ, ನಿಮ್ಮ ಸ್ಲೀಮಾದೋರೇ ಯಾರೋ ಹಬ್ಬದ ವಾರಕ್ಕೆ ಬತ್ತಾರಂತೆ, ಆ ಹೆಂಗ್ಸು ಬ್ಯಾಡ ಅಂದವ್ರಂತೆ, ಮನೆ ತುಂಬ ಮೂಗು ತೂರಿಸ್ತಾಳೆ ಅಂತ, ನಾನು ಅವ್ರ ಮುಖಾನೇ ಕಂಡಿಲ್ಲ ಕಣೇ! ನಗುತ್ತಿದ್ದಳು, ನಗು ಒಂದು ಕಡೆ ನಿಂತಿತು, ನಾನು ಅಷ್ಟೊಂದು ಮಾತಾಡ್ತೀನೇನೇ ಸಾಲ್ವೀ, ನಿಜ ಹೇಳು. ಈಗ ಹೇಳಬೇಕು, ಇಲ್ಲಿ, ಈಗ, ಅಕ್ಕಾ ಅದು ನಾನೇ ಎಂದು — ಇಲ್ಲ ಕಣಕ್ಕ, ಎಂದಳು, ಆ ಜನಾನೇ ಹಂಗೆ, ನೀನ್ ತಲೆ ಕೆಡಿಸ್ಕೋಬ್ಯಾಡ. ಅದೇ ಮತ್ತೆ, ನಾನ್ಯಾಕೆ ಕೆಡಿಸ್ಕೊಳ್ಳಲಿ, ಹಬ್ಬದಾಗ ಅವನಿಗೆ ಬೇರೆ ಯಾರು ಸಿಕ್ತಾರೆ, ಅದಕ್ಕೇ ಹೇಳ್ದೆ, ಅವ್ರು ಹಡಗಿಳಿಯೋಕೆ ಮುಂಚೆ ಹೋಗಿ ಎಲ್ಲಾ ಮಾಡಿ ಹಿಂದಿನ ಬಾಗಿಲಿಂದ ಬಂದ್ಬಿಡ್ತೀನಿ, ಯಾರು ಮಾಡಿದ್ದು ಅಂತ ಗೊತ್ತೇ ಆಗಾಕಿಲ್ಲ, ಮಂಡಿ ನೋವಿನ ಮುದುಕಿ ಬೇರೆ ಅವ್ರಂತೆ, ಅವ್ರಿಗೆ ಕಿಟಕಿ ಪಕ್ಕದ್ದು ಸ್ವಲ್ಪ ಎತ್ತರ ಮಾಡಿ ಕೊಡ್ತೀನಿ, ಇಸ್ತ್ರಿ ಮಾಡಿದ ಬಟ್ಟೇನೇ ಹಾಕ್ತೀನಿ, ಯಾರಾದ್ರೇನು, ವರ್ಷಕ್ಕೊಂದ್ ಸಲ ರಜ ಅಂತ ಬರೋರು, ಸುಖವಾಗಿ ಮಲಗ್ಲಿ. ನೀನು? ಈ ಸಲನಾದ್ರೂ ಬತ್ತೀಯಾ ಹಬ್ಬಕ್ಕೆ? ಇಲ್ಲಕ್ಕ, ಎಂದಳು ಸಾಲ್ವಿನಾ, ತನ್ನ ದನಿ ತನಗೇ ಕೇಳಿಸಿತು, ಈ ಸಲಾನೂ ಸಿಸಿಲಿ. ಹೋಗ್ಬಾ ಬಂಗಾರ, ಎಂದಳು ಲೋನ್ಸಾ, ಬಿಸಿಲಲ್ಲಿ ತಿರುಗಬ್ಯಾಡ.

ಗಾಜಿನಾಚೆಯಿಂದ ಅತ್ತೆ ಕೈ ಬೀಸುತ್ತಿದ್ದಾರೆ, ಬಾಯಿ ಅಗಲವಾಗಿ ತೆರೆದು ಕೇಳುತ್ತಿದ್ದಾರೆ, ನಿನಗೆ ಯಾವ ಕೋಣೆ ಬೇಕೇ ಸಾಲ್ವಿನಾ, ದೊಡ್ಡ ಹಾಸಿಗೇದು ನಿಮಗಿಬ್ಬರಿಗೂ ಇಟ್ಕೊಳ್ಳಿ, ಏನಂತಾಳೆ ಅಲ್ಫೋನ್ಸಾ, ಚೆನ್ನಾಗಿದಾಳಾ — ಚೆನ್ನಾಗಿದ್ದಾಳೆ ಎಂದು ತಲೆಯಾಡಿಸಬೇಕು, ದೊಡ್ಡ ಹಾಸಿಗೆ ಎಂದು ಹೇಳಬೇಕು, ಬಾಗಿಲು ತೆಗೆದು ಒಳಗೆ ಹೋಗಬೇಕು, ಕೈ ಹಿಡಿಕೆಯ ಮೇಲೆಯೇ ಇದೆ, ಗಾಡ್ವಿನ್ ಸುಲಿದ ಕಿತ್ತಳೆಯನ್ನು ತಿನ್ನದೆ ಹಾಗೇ ಇಟ್ಟಿದ್ದಾನೆ — ಒಂದು ಮಂಡಿ ಹಾಸಿಗೆಯ ಅಂಚಿಗೆ, ಬಿರಿದ ಅಂಗೈ, ನಡುವಿನಿಂದ ಅಂಚಿಗೆ — ಹೇಳು, ಹೋಗು, ಹೇಳು — ನಡುವಿನಿಂದ ಅಂಚಿಗೆ, ದೊಡ್ಡ ಹಾಸಿಗೆ, ಒಂದು ಸುಕ್ಕೂ ಉಳಿಯದ ಹಾಗೆ, ಯಾರಿಗೆಂದು ಗೊತ್ತಿಲ್ಲದೆ, ಆ ಅಂಗೈ, ಸವರುತ್ತಾ, ಸವರುತ್ತಾ