ಏನೂ ಬರೆಯದ ಚೀಲ

ಬಿಸ್ಕತ್ತಿನ ಕಾರ್ಖಾನೆಯಲ್ಲಿ ನನ್ನ ಕೆಲಸ ಓದುವುದು. ಅಚ್ಚಾಗಿ ಬಂದ ಹೊದಿಕೆಯ ಸುರುಳಿಯಿಂದ ಒಂದು ತುಂಡು ಕತ್ತರಿಸಿ, ತೂಕ, ತಾರೀಕು, ಪದಾರ್ಥಗಳ ಪಟ್ಟಿ ನೋಡಬೇಕು. ಕೊನೆಗೆ ಸಾಸಿವೆಯಷ್ಟು ಸಣ್ಣ ಅಕ್ಷರದ ಒಂದು ಸಾಲು: 'ಕಡಲೆಬೀಜದ ಅಂಶ ಇರಬಹುದು'. ಅದಿದ್ದರೆ ಸಹಿ ಹಾಕಬೇಕು. ಯಾರ ಜೊತೆಗೂ ಮಾತಾಡಬೇಕಾಗಿಲ್ಲ. ಕೆಲಸ ಹಿಡಿಸಿದ್ದೇ ಆ ಕಾರಣಕ್ಕೆ. ಹಿಟ್ಟು ಕಲಸುವ ಹಿರಿಯರೊಬ್ಬರಿದ್ದಾರೆ, ಎಲ್ಲರಿಗೂ ಹಿಟ್ಟಿನ ಮಾವ. ಅವರು ನನಗಿಟ್ಟ ಹೆಸರು ಭೂತಗನ್ನಡಿ.

ಆ ಸಾಲು ನಮ್ಮಲ್ಲಿ ಎಲ್ಲ ಹೊದಿಕೆಗಳ ಮೇಲೂ ಬೀಳುತ್ತದೆ, ಬೀಜದ ಬಿಸ್ಕತ್ತಾಗಲಿ ಸಪ್ಪೆಯದಾಗಲಿ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಮ್ಮೆ ಧೈರ್ಯ ಮಾಡಿ ಯಾಕೆಂದು ಕೇಳಿದ್ದೆ. "ಇರ್ಲಿ ಬಿಡಮ್ಮ, ನಾಳೆ ನಮ್ಮ ತಲೆ ಮೇಲೆ ಬರೋದು ಬೇಡ" ಎಂದಿದ್ದರು ಸೂಪರ್‌ವೈಸರ್. ದಿನಕ್ಕೆ ನೂರು ಸಲ ಓದಿ ಓದಿ ಅದೊಂದು ಎಚ್ಚರಿಕೆ ಎಂಬುದೇ ನನಗೆ ಮರೆತುಹೋಗಿತ್ತು. ಹೊದಿಕೆಯ ಅಂಚಿನ ಗೆರೆಯಂತೆ ಅದೂ ಒಂದು ಗೆರೆ.

ಸೋಮವಾರ ಮಧ್ಯಾಹ್ನ ಊಟದ ಕೋಣೆಯಲ್ಲಿ, ಪ್ಯಾಕಿಂಗಿನ ಹುಡುಗಿಯೊಬ್ಬಳು ಹಿಟ್ಟಿನ ಮಾವನ ಜೊತೆ ತಗಾದೆ ತೆಗೆದಳು.

"ಈ ಸಲ ಶನಿವಾರದ ಚೀಲದಲ್ಲಿ ಬರೀ ಸಪ್ಪೆ ಬಿಸ್ಕತ್ತು, ಮಾವ. ನಮ್ಮ ಮನೇಲಿ ಯಾರೂ ಮೂಸಿ ನೋಡ್ಲಿಲ್ಲ."

"ಮೂಸಿದ್ರೆ ಗೊತ್ತಾಗ್ತಿತ್ತು ಕಣೇ. ಬೀಜದ್ದು ಮುಗಿದ ಮೇಲೆ ಸಪ್ಪೆ ಹಿಟ್ಟು ಬಿಟ್ಟಾಗ ಬರೋ ಮೊದಲ ಇಪ್ಪತ್ತು ತಟ್ಟೆ ಅದು. ಯಂತ್ರದ ಹೊಟ್ಟೆ ತೊಳೆಯೋ ಹಿಟ್ಟು. ಅಂಗಡಿಗೆ ಕಳಿಸೋ ಹಾಗಿಲ್ಲ, ಎಸೆಯೋಕೆ ಮನಸ್ಸು ಬರಲ್ಲ. ಅದಕ್ಕೇ ನಿಮ್ಮ ಹೊಟ್ಟೆಗೆ."

ಎಲ್ಲರೂ ನಕ್ಕರು. ನನ್ನ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು.

ಶನಿವಾರ ಕೆಲಸ ಬಿಡುವಾಗ ನಮಗೆಲ್ಲ ಒಂದೊಂದು ಚೀಲ ಮುರಿದ ಬಿಸ್ಕತ್ತು ಬಿಟ್ಟಿಯಾಗಿ ಸಿಗುತ್ತದೆ. ಬಿಳಿ ಚೀಲ, ಮೇಲೆ ಒಂದಕ್ಷರವೂ ಇರುವುದಿಲ್ಲ. ಅದರಲ್ಲಿ ಸಾಮಾನ್ಯವಾಗಿ ಬೀಜದ ತುಂಡುಗಳೂ ಬೆರೆತಿರುವುದರಿಂದ ನಾನು ಗೇಟಿನ ಕಾವಲಿನವರಿಗೆ ಕೊಟ್ಟುಬಿಡುತ್ತಿದ್ದೆ. ಈ ಸಲ ಸಪ್ಪೆ ಬಿಸ್ಕತ್ತೇ ಇದ್ದದ್ದು ಕಂಡು ಆಸೆಯಾಯಿತು. ಒಂದೊಂದು ಚೂರನ್ನೂ ಬೆಳಕಿಗೆ ಹಿಡಿದು ನೋಡಿದೆ. ಒಂದು ಬೀಜವೂ ಕಾಣಲಿಲ್ಲ. ವಾಸನೆ ಹಿಡಿಯಲು ಮೂಗು ಎಲ್ಲಿತ್ತು? ಇಡೀ ಕಾರ್ಖಾನೆಗೇ ಆ ವಾಸನೆ. ನೇರ ಅಕ್ಕನ ಮನೆಗೆ ಒಯ್ದು ಕೊಟ್ಟೆ.

ಅಕ್ಕನ ಮಗಳಿಗೆ ಏಳು ವರ್ಷ. ದುಂಡು ಕಣ್ಣಿನ ಅವಳಿಗೆ ಬಟನ್ ಎಂದು ಹೆಸರಿಟ್ಟವಳು ಅಕ್ಕನೇ. ದರ್ಜಿಯಾದವಳಿಗೆ ಬೇರೆ ಹೋಲಿಕೆ ಎಲ್ಲಿ ಸಿಗಬೇಕು. ಬಟನ್ನಿಗೆ ಕಡಲೆಬೀಜ ಆಗದು. ಮೂರು ವರ್ಷದವಳಿದ್ದಾಗ ಯಾರದೋ ಚಮಚ ನೆಕ್ಕಿದ್ದಳು, ಅಷ್ಟೇ. ತುಟಿ ಊದಿ, ಮುಖ ಗುರುತು ಸಿಗದಂತಾಗಿ, ಉಸಿರು ಶಿಳ್ಳೆಯ ಹಾಗೆ ಬರತೊಡಗಿತ್ತು. ಆಸ್ಪತ್ರೆಯ ಬಾಗಿಲಿನವರೆಗೂ ಹೊತ್ತುಕೊಂಡು ಓಡಿದವಳು ನಾನು. ಅಂದಿನಿಂದ ಆ ಮನೆಗೆ ಬರುವ ಪೊಟ್ಟಣಗಳನ್ನೆಲ್ಲ ನಾನೇ ಓದಿ ಹೇಳಬೇಕು. ಶನಿವಾರವೂ ಅಕ್ಕ ಕೇಳಿದ್ದಳು, "ಪರವಾಗಿಲ್ವೇನೇ?"

"ಹೂಂ. ನಮ್ಮಲ್ಲೇ ಆಗಿದ್ದು. ನಾನೇ ನೋಡಿದೀನಿ."

ಊಟ ಬಿಟ್ಟೆದ್ದು ಅಕ್ಕನಿಗೆ ಏಳು ಸಲ ಫೋನ್ ಮಾಡಿದೆ. ಎತ್ತಲಿಲ್ಲ. ಹೊಲಿಗೆ ಯಂತ್ರ ಓಡುತ್ತಿದ್ದರೆ ಅಕ್ಕನಿಗೆ ಗುಡುಗೂ ಕೇಳಿಸುವುದಿಲ್ಲ. ಬಟನ್ ಶಾಲೆಯಿಂದ ಬರುವುದು ನಾಲ್ಕಕ್ಕೆ. ಬಂದವಳೇ ಬಿಸ್ಕತ್ತಿನ ಡಬ್ಬಿಗೆ ಕೈ ಹಾಕುತ್ತಾಳೆ. ಸೂಪರ್‌ವೈಸರ್ ಬಳಿ ಹೋಗಿ ತಲೆನೋವೆಂದೆ. ನಿಜ ಹೇಳಲು ನಾಲಿಗೆ ಏಳಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ನಿನ್ನೆಯನ್ನು ನೆನೆದೆ. ನಿನ್ನೆ ಭಾನುವಾರ, ಬಟನ್ ಇಡೀ ದಿನ ಮನೆಯಲ್ಲೇ ಇದ್ದಳು. ಏನಾದರೂ ಆಗಿದ್ದರೆ ಅಕ್ಕ ಫೋನ್ ಮಾಡುತ್ತಿದ್ದಳಲ್ಲ? ಇನ್ನೂ ತಿನ್ನದೆಯೂ ಇರಬಹುದು. ಎಂಟನೇ ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಬಸ್ಸು ಪ್ರತಿ ನಿಲ್ದಾಣದಲ್ಲೂ ನಿದ್ದೆಗೆ ಬಿದ್ದ ಹಾಗೆ ನಿಲ್ಲುತ್ತಿತ್ತು.

ಮೆಟ್ಟಿಲಲ್ಲೇ ಯಂತ್ರದ ಸದ್ದು ಕೇಳಿಸಿತು. ಬಾಗಿಲು ತೆರೆದಿತ್ತು. ಬಟನ್ ಹಾಲಿನ ಲೋಟ ಮುಂದಿಟ್ಟುಕೊಂಡು ನೆಲದ ಮೇಲೆ ಕೂತಿದ್ದಳು. ಡಬ್ಬಿಯ ಮುಚ್ಚಳ ಪಕ್ಕದಲ್ಲಿತ್ತು, ತುಟಿಯ ಮೇಲೆ ಪುಡಿ. ಡಬ್ಬಿ ಕಿತ್ತುಕೊಂಡೆ.

"ಚಿಕ್ಕಮ್ಮ, ನಂದು!"

ಅಕ್ಕ ಪೆಡಲಿನಿಂದ ಕಾಲು ತೆಗೆದಳು. "ಏನೇ ಇದು, ದೆವ್ವ ಮೆಟ್ಟಿದೋರ ಹಾಗೆ ಬಂದು ಮಗು ಕೈಯಿಂದ ಕಿತ್ಕೊಳ್ತೀಯ?"

"ಎಷ್ಟು ತಿಂದ್ಲು?"

"ಎರಡೋ ಮೂರೋ. ನಿನ್ನೆ ನಾಲ್ಕು ತಿಂದ್ಲು. ಇವಳು ಹೆದರದೆ ಒಂದು ತಿಂಡಿ ತಿಂದಿದ್ದೇ ಅಪರೂಪ."

ನಿನ್ನೆ ನಾಲ್ಕು. ಏನೂ ಆಗಿಲ್ಲ. ಎದೆಯ ಮೇಲಿನ ಭಾರ ಜಾರಿದಂತಾಯಿತು. ಜಾರಿದ ಜಾಗದಲ್ಲೇ ಇನ್ನೊಂದು ಆಸೆ ಬಂದು ಕೂತಿತು. ಹೇಳದೇ ಇದ್ದರೆ ಯಾರಿಗೆ ತಿಳಿಯುತ್ತದೆ? ಡಬ್ಬಿ ತೆಗೆದುಕೊಂಡು ಹೋದರೆ ಮುಗಿಯಿತಲ್ಲ.

"ಈ ಸಲದ್ದು ಮೆತ್ತಗಾಗಿದೆ ಅಂತ ಗೊತ್ತಾಯ್ತು ಅಕ್ಕ. ವಾಪಸ್ ಒಯ್ತೀನಿ."

"ಮೆತ್ತಗಾಗಿದೆ ಅಂತ ಕೆಲಸ ಬಿಟ್ಟು ಓಡಿ ಬಂದ್ಯಾ? ಬಾಣಲೇಲಿ ಬೆಚ್ಚಗೆ ಮಾಡಿದ್ರೆ ಗರಿಗರಿ ಆಗುತ್ತೆ, ತಾ ಇಲ್ಲಿ." ಅಕ್ಕ ಕೈ ಚಾಚಿದಳು. ಡಬ್ಬಿಯನ್ನು ನಾನು ಎದೆಗೊತ್ತಿ ಹಿಡಿದೆ. ಅವಳು ನನ್ನ ಮುಖ ನೋಡಿದಳು. ಕೈ ಹಾಗೇ ಕೆಳಗಿಳಿಯಿತು.

"ಏನಿದೆ ಅದರಲ್ಲಿ?"

ಹೇಳಿದೆ. ತಟ್ಟೆಗಳ ವಿಷಯ, ಯಂತ್ರದ ಹೊಟ್ಟೆ, ಬಿಳಿ ಚೀಲ ಎಲ್ಲವನ್ನೂ. ನೆಲ ನೋಡಿಕೊಂಡೇ ಹೇಳಿದೆ.

ಅಕ್ಕ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮಗಳ ಬಾಯಿ ತೊಳೆಸಿದಳು. ಬೀರುವಿನಿಂದ, ಉಸಿರು ಕಟ್ಟಿದರೆ ತೊಡೆಗೆ ಚುಚ್ಚುವ ಸೂಜಿಯ ಪೆಟ್ಟಿಗೆ ತೆಗೆದು ಮೇಜಿನ ಮೇಲಿಟ್ಟಳು. ಕೆಳಗಿನ ಮನೆಗೆ ಹೋಗಿ, ಇವತ್ತು ಸ್ಕೂಟರ್ ಎಲ್ಲಿಗೂ ಒಯ್ಯಬೇಡಿ ಎಂದು ಹೇಳಿ ಬಂದಳು. ಆಗದ್ದು ತಿಂದರೆ ಎರಡು ಗಂಟೆ ಮಗುವಿನ ಮೇಲಿಂದ ಕಣ್ಣು ತೆಗೆಯಬೇಡಿ ಎಂದು ವೈದ್ಯರು ಹಿಂದೆಯೇ ಹೇಳಿದ್ದರು. ಗಡಿಯಾರ ನಾಲ್ಕು ಇಪ್ಪತ್ತು ತೋರಿಸುತ್ತಿತ್ತು.

ಮೂವರೂ ಚಾಪೆಯ ಮೇಲೆ ಕೂತೆವು. ಯಂತ್ರ ನಿಂತಿದ್ದ ಮನೆಯಲ್ಲಿ ಬಟನ್ನಿನ ಉಸಿರು ನನಗೆ ಕೇಳಿಸುತ್ತಿತ್ತು.

"ನಿನ್ನೆ ಏನೂ ಆಗಿಲ್ಲ ಅಂದ್ರೆ ಇವತ್ತೂ ಆಗಲ್ಲ ಅಲ್ವೇನೇ?" ಅಕ್ಕ ಕೇಳಿದಳು.

"ಹಾಗೆ ಹೇಳೋಕಾಗಲ್ಲ ಅಕ್ಕ. ಮೊದಲ ತಟ್ಟೇಲಿ ಇರೋಷ್ಟು ಇಪ್ಪತ್ತನೇದರಲ್ಲಿ ಇರಲ್ಲ. ಯಾವ ಚೂರು ಯಾವ ತಟ್ಟೇದು ಅಂತ ಯಾರಿಗೂ ಗೊತ್ತಿಲ್ಲ."

"ಗೊತ್ತಿಲ್ಲದೆ ತಂದುಕೊಟ್ಟೆ." ಬಟನ್ನಿನ ತುಟಿ ನೋಡುತ್ತ, "ಅಂಗಡೀಲಿ ತಂದಿದ್ರೆ ನಾಲ್ಕು ಸಲ ನಿನ್ನ ಹತ್ರ ಓದಿಸ್ತಿದ್ದೆ. ನೀನು ಕೊಟ್ಟಿದ್ದು ಅಂತ ಸುಮ್ಮನಾದೆ" ಎಂದಳು.

ಐದಕ್ಕೆ ಬಟನ್ ಕತ್ತು ಕೆರೆದುಕೊಂಡಳು. ಅಕ್ಕ ಪೆಟ್ಟಿಗೆಗೆ ಕೈ ಹಾಕಿದಳು, ನಾನು ಮಗುವಿನ ಅಂಗಿಯ ಕಾಲರು ಬಿಡಿಸಿದೆ. ಕೆಂಪಾಗಿರಲಿಲ್ಲ. ಹೊಲಿಗೆಯ ದಾರವೊಂದು ಅಂಟಿತ್ತು.

"ನನ್ನ ಹೀಗೆ ಗುರಾಯಿಸಿ ನೋಡಿದ್ರೆ ತುರಿಸದೆ ಇರುತ್ತಾ?" ಎಂದಳು ಬಟನ್. ಅಕ್ಕ ನಗಲು ಹೋಗಿ ಕಣ್ಣೊರೆಸಿಕೊಂಡಳು.

"ಆ ಚೀಲ ಎಷ್ಟು ಮನೆಗೆ ಹೋಗಿದೆ?"

"ನಲವತ್ತು."

"ಅಲ್ಲೆಲ್ಲ ಮಕ್ಕಳಿಲ್ವಾ?"

"ನಾಳೆ ಬೆಳಿಗ್ಗೆ ಹೋಗಿ ಹೇಳ್ತೀನಿ ಅಕ್ಕ."

"ಅಲ್ಲೀವರೆಗೆ ಮಕ್ಕಳು ಬಾಯಿಗೆ ಬೀಗ ಹಾಕ್ಕೊಂಡಿರ್ತಾರಾ? ಈಗ ಮಾಡು. ನನ್ನೆದುರಿಗೇ."

ಸೂಪರ್‌ವೈಸರ್‌ಗೆ ಫೋನ್ ಮಾಡಿದ್ದು ಅದೇ ಮೊದಲು.

"ತಲೆನೋವು ಹೋಯ್ತಾ?" ಎಂದರು ಅವರು.

"ತಲೆನೋವು ಇರ್ಲಿಲ್ಲ ಸರ್." ವಿಷಯವನ್ನೆಲ್ಲ ಹೇಳಿದೆ.

"ಬಿಟ್ಟಿ ಚೀಲಕ್ಕೂ ಲೇಬಲ್ ಬೇಕಾ ಈಗ? ಸರಿ, ಆ ಸಾಲನ್ನ ಶನಿವಾರ ನೀನೇ ಬರೆದು ಅಂಟಿಸು, ಮುಗೀತು."

"ಸಾಲು ಸಾಲದು ಸರ್. ಆ ಸಾಲನ್ನ ಓದೋ ನಾನೇ ಮೋಸ ಹೋದೆ. ಆ ತಟ್ಟೆಗಳನ್ನ ಯಾರಿಗೂ ಕೊಡಬಾರದು. ಈ ಸಲ ಒಯ್ದವರಿಗೆಲ್ಲ ಇವತ್ತೇ ತಿಳಿಸಬೇಕು. ನೀವು ಮಾಡದಿದ್ರೆ ಪಟ್ಟಿ ಕಳಿಸಿ, ನಾನೇ ಮಾಡ್ತೀನಿ."

ನಾಳೆ ನೋಡೋಣ ಎಂದು ಎರಡು ಸಲ ಹೇಳಿ ನೋಡಿದರು. "ಕಳಿಸ್ತೀನಿ" ಎಂದರು ಕೊನೆಗೆ.

ಪಟ್ಟಿ ಬಂತು. ಒಂದೊಂದೇ ಮನೆಗೆ ಫೋನ್ ಮಾಡುತ್ತ ಹೋದೆ, ಒಂದು ಕಣ್ಣು ಬಟನ್ನಿನ ತುಟಿಯ ಮೇಲಿಟ್ಟು. ಒಬ್ಬರು ನಕ್ಕರು, ಒಬ್ಬರು ರೇಗಿದರು. ಪ್ಯಾಕಿಂಗಿನ ಹುಡುಗಿ ಮಾತ್ರ, "ಅಯ್ಯೋ, ಪಕ್ಕದ ಮನೆ ಮಗುಗೆ ಕೊಟ್ಟುಬಿಟ್ಟಿದೀನಲ್ಲೇ" ಎಂದು ಫೋನ್ ಇಟ್ಟು ಓಡಿದಳು. ಐದು ನಿಮಿಷಕ್ಕೆ ಅವಳೇ ಮಾಡಿದಳು: ಮಗು ಚೆನ್ನಾಗಿದೆ, ಚೀಲ ವಾಪಸ್ ತಂದಿದ್ದೇನೆ.

ಆರು ಇಪ್ಪತ್ತಾಯಿತು. ಬಟನ್ ಹಸಿವೆಂದಳು. ಅಕ್ಕ ಇನ್ನೂ ಹತ್ತು ನಿಮಿಷ ಕಾದು, ಸೂಜಿಯ ಪೆಟ್ಟಿಗೆಯನ್ನು ಬೀರುವಿನಲ್ಲಿಟ್ಟು ಅನ್ನಕ್ಕಿಟ್ಟಳು. ನಾನು ಹೊರಡಲು ಎದ್ದಾಗ ಅಕ್ಕ ತಿರುಗಿ ನೋಡದೆಯೇ ಕೇಳಿದಳು.

"ಶನಿವಾರ ಬರ್ತೀಯಾ?"

"ಬರ್ಲಾ?"

"ಬಾ. ಕೈ ಬೀಸ್ಕೊಂಡು ಬಾ."