ಕೆಳಮನೆಯ ರೇಡಿಯೊ

ಮಿರೆಲ್ಲಾ ಕಾಫಿಗೆಂದು ಒಲೆಯ ಗುಂಡಿ ತಿರುಗಿಸಿದ್ದೇ ತಡ, ಅವಳ ತಾಯಿ ತೆರೆಸಿನಾ ಹಿಂದಿನಿಂದ ಬಂದು ಕೈ ಹಿಡಿದಳು.

"ಆರಿಸು."

"ಒಂದು ಲೋಟ ಕಾಫಿ ಅಮ್ಮ. ನಿನ್ನೆಯಿಂದ ಬರೀ ನೀರು ಕುಡ್ಕೊಂಡಿದೀಯ. ಸ್ಮಶಾನದಲ್ಲಿ ನನ್ನ ತೋಳು ಹಿಡ್ಕೊಂಡೇ ನಿಂತಿದ್ದೆ."

"ಸಾವಾದ ಮನೇಲಿ ಒಲೆ ಹಚ್ತಾರೇನೆ? ಯಾವ ಊರಲ್ಲಿ ಕಲಿತೆ ಇದನ್ನ?"

"ಇದೇ ಊರಲ್ಲಿ. ನೀನೂ ಅಪ್ಪನೂ ತಾನೇ ನನ್ನ ಇಲ್ಲಿಗೆ ಕರ್ಕೊಂಡು ಬಂದಿದ್ದು?"

ತೆರೆಸಿನಾ ಒಲೆ ತಾನೇ ಆರಿಸಿ, ಕುರ್ಚಿಗೆ ಹೋಗಿ ಕೂತಳು. ಸ್ವಿಟ್ಜರ್ಲೆಂಡಿನ ವಿಂಟರ್‌ಟೂರಿನ ಆ ಮನೆಯಲ್ಲಿ ತಾಯಿ, ಮಗಳು, ಮೈದುನ ಕೋಸಿಮೊ ಮೂವರೂ ಇನ್ನೂ ಕಪ್ಪು ಬಟ್ಟೆ ಬಿಚ್ಚಿರಲಿಲ್ಲ. ಬೆಳಿಗ್ಗೆಯಷ್ಟೇ ತೆರೆಸಿನಾಳ ಗಂಡ ಸಾವೇರಿಯೊನನ್ನು ಮಣ್ಣು ಮಾಡಿ ಬಂದಿದ್ದರು. ಅಣ್ಣನ ಹೆಣವನ್ನು ಇಟಲಿಯ ಕಲಾಬ್ರಿಯದ ತಮ್ಮೂರಿಗೆ ಒಯ್ಯಬೇಕೆಂದು ಕೋಸಿಮೊ ಅಷ್ಟು ದೂರದಿಂದ ಕಾರು ಓಡಿಸಿಕೊಂಡು ಬಂದಿದ್ದ. ಆದರೆ ಸಾವೇರಿಯೊ ಸಾಯುವ ಮೊದಲೇ, ಮಗಳು ಬಂದು ಹೋಗುವ ಹಾಗೆ ಇಲ್ಲೇ ಇಡಿ ಎಂದು ಹೇಳಿಬಿಟ್ಟಿದ್ದ. ಅಣ್ಣ ಸಿಗಲಿಲ್ಲ, ಅತ್ತಿಗೆಯನ್ನಾದರೂ ಕರೆದೊಯ್ಯುತ್ತೇನೆಂದು ಕೋಸಿಮೊ ಹಟ ಹಿಡಿದಿದ್ದ. ಅವಳ ಬಟ್ಟೆಬರೆ ಕಟ್ಟಿದ ಪೆಟ್ಟಿಗೆ ಬಾಗಿಲ ಹತ್ತಿರ ನಿಂತಿತ್ತು.

"ನಮ್ಮೂರಲ್ಲಾಗಿದ್ರೆ ಇಷ್ಟೊತ್ತಿಗೆ ಮೆಟ್ಟಿಲ ಮೇಲೆ ಕಾಲಿಡೋಕೆ ಜಾಗ ಇರ್ತಿರ್ಲಿಲ್ಲ," ಎಂದ ಕೋಸಿಮೊ. "ಒಂದು ಮನೆಯಿಂದ ಕೋಳಿ ಸಾರು, ಇನ್ನೊಂದು ಮನೆಯಿಂದ ಪಾಸ್ತಾ. ತಿನ್ನಲ್ಲ ಅಂದ್ರೂ ಬಿಡ್ತಿರ್ಲಿಲ್ಲ, ಬಾಯಿಗೇ ತುರುಕ್ತಿದ್ರು. ಇಲ್ಲಿ ಐವತ್ತು ವರ್ಷ ಬಾಳಿದ ನನ್ನಣ್ಣ. ಒಂದು ಬಟ್ಟಲು ಸಾರು ಬಂತಾ ಅತ್ತಿಗೆ?"

"ಚಿಕ್ಕಪ್ಪ, ಸಾಕು," ಎಂದಳು ಮಿರೆಲ್ಲಾ.

"ನಾನೇನು ಸುಳ್ಳು ಹೇಳಿದ್ನಾ?"

ಸುಳ್ಳಲ್ಲ. ಅವರ ಕಡೆ ಸಾವಾದ ಮನೆಗೆ ಬೇರೆ ಮನೆಯ ಒಲೆಯಿಂದಲೇ ಅನ್ನ ಬರಬೇಕು. ಮಗಳು ಮಾಡಿದ್ದು ಲೆಕ್ಕಕ್ಕಿಲ್ಲ, ಅವಳೂ ಅದೇ ಮನೆಯವಳು. ಹಿಂದೆ ಈ ಬೀದಿಯಲ್ಲೇ ಕಲಾಬ್ರಿಯದವರು ಬೇಕಾದಷ್ಟಿದ್ದರು. ಕೆಲವರು ಪಿಂಚಣಿ ಹಿಡಿದು ಊರಿಗೆ ಹೋದರು, ಉಳಿದವರು ಒಬ್ಬೊಬ್ಬರಾಗಿ ಮಣ್ಣಿಗೆ ಹೋದರು. ಈಗ ಇಡೀ ಕಟ್ಟಡದಲ್ಲಿ ಇರುವವರೆಲ್ಲ ಸ್ವಿಸ್ ಜನ. ತೆರೆಸಿನಾ ಯಾರಿಗೂ ಹೇಳದೆ ಮನಸ್ಸಿನಲ್ಲೇ ಒಂದು ತೀರ್ಮಾನ ಮಾಡಿಕೊಂಡಿದ್ದಳು. ಯಾವುದಾದರೂ ಒಂದು ಮನೆಯಿಂದ ಒಂದು ಪಾತ್ರೆ ಬಂದರೆ ತಾನು ಇಲ್ಲಿಯವಳು. ಬರದಿದ್ದರೆ ನಾಳೆ ಬೆಳಿಗ್ಗೆ ಕೋಸಿಮೊನ ಕಾರು. ಗಂಡನನ್ನು ಇಲ್ಲಿ ಒಂಟಿಯಾಗಿ ಬಿಟ್ಟುಹೋಗಲು ಅವಳಿಗೆ ಮನಸ್ಸಿರಲಿಲ್ಲ. ಆದರೂ ಹಟ ಎಂದರೆ ಹಟ.

ಸ್ಮಶಾನಕ್ಕೆ ಕಟ್ಟಡದವರೆಲ್ಲ ಬಂದಿದ್ದರು, ಸುಳ್ಳು ಹೇಳಬಾರದು. ಕೈ ಕುಲುಕಿದರು, ಆಮೇಲೂ ಹೋಗದೆ ಗೇಟಿನ ಹತ್ತಿರ ನಿಂತರು. ಯಾಕೆ ನಿಂತಿದ್ದಾರೆಂದು ಮಿರೆಲ್ಲಾಳಿಗೆ ಗೊತ್ತಿತ್ತು. ಈ ದೇಶದ ಪದ್ಧತಿ ತಿರುಗುಮುರುಗು. ಇಲ್ಲಿ ಸಾವಿನ ಮನೆಯವರೇ ಬಂದವರನ್ನು ಹೋಟೆಲಿಗೆ ಕರೆದು ಮಾಂಸ, ವೈನ್ ಕೊಟ್ಟು ಕಳಿಸಬೇಕು. ಹಿಂದಿನ ದಿನವೇ ಅವಳು ತಾಯಿಗೆ ಹೇಳಿ ನೋಡಿದ್ದಳು. "ಗಂಡನ್ನ ಮಣ್ಣಿಗಿಟ್ಟು ಬಂದು ನಾನು ಜನಕ್ಕೆ ಊಟ ಹಾಕಿಸ್ಬೇಕಾ? ಇದೇನು ಮದುವೇನಾ?" ಎಂದು ತೆರೆಸಿನಾ ಬಾಯಿ ಮುಚ್ಚಿಸಿದ್ದಳು. ಕರೆಯುತ್ತಾರೆಂದು ಅವರು ಕಾದರು, ತರುತ್ತಾರೆಂದು ಇವಳು ಕಾದಳು. ಕೊನೆಗೆ ಅವರು ಮುಖ ಮುಖ ನೋಡಿಕೊಂಡು ಬಸ್ಸು ಹತ್ತಿದರು.

ಬಾಗಿಲ ಗಂಟೆ ಸದ್ದು ಮಾಡಿತು.

ತೆರೆಸಿನಾ ತಲೆಯ ಮೇಲಿನ ಕಪ್ಪು ಬಟ್ಟೆ ಸರಿಮಾಡಿಕೊಂಡಳು. ಬಂದವಳು ಕೆಳಮನೆಯ ಶ್ರೀಮತಿ ಎಗ್ಗರ್, ಇಲ್ಲಿಯ ಮಾತಿನಲ್ಲಿ ಫ್ರಾವ್ ಎಗ್ಗರ್. ವಯಸ್ಸು ತೊಂಬತ್ತರ ಹತ್ತಿರ, ಕೈಯಲ್ಲಿ ಊರುಗೋಲು, ತೋಳಿನಲ್ಲಿ ಕೈಚೀಲ, ಕಪ್ಪು ಅಂಚಿನ ಒಂದು ಸಂತಾಪದ ಲಕೋಟೆ. ತೆರೆಸಿನಾ ನೋಡಿದ್ದು ಅವಳ ಕೈಗಳನ್ನು. ಬೇರೇನೂ ಇರಲಿಲ್ಲ. ಮುದುಕಿ ಲಕೋಟೆ ಕೊಟ್ಟು, ತೋರಿಸಿದ ಕುರ್ಚಿಯಲ್ಲಿ ನೆಟ್ಟಗೆ ಕೂತಳು.

"ಕೈ ಬೀಸ್ಕೊಂಡು ಬಂದಿದೆ," ಎಂದು ಕೋಸಿಮೊ ತಮ್ಮ ಭಾಷೆಯಲ್ಲಿ ಗೊಣಗಿದ. "ಆ ರೇಡಿಯೊ ಹೆಂಗಸು ಇವಳೇ ಅಲ್ವಾ?"

*

ಮಿರೆಲ್ಲಾ ಚಿಕ್ಕವಳಿದ್ದಾಗ ಸಾವೇರಿಯೊನ ಹತ್ತಿರ ಇದ್ದದ್ದು ವರ್ಷದಲ್ಲಿ ಒಂಬತ್ತು ತಿಂಗಳ ಕೂಲಿ ಪರವಾನಗಿ. ಗೋಡೆ ಕಟ್ಟಲು ಅವನು ಬೇಕಿದ್ದ, ಬಟ್ಟೆ ಒಗೆಯುವ ಕಾರ್ಖಾನೆಗೆ ಅವನ ಹೆಂಡತಿ ಬೇಕಿದ್ದಳು, ಅವರ ಮಗು ಯಾರಿಗೂ ಬೇಕಿರಲಿಲ್ಲ. ಮಗುವನ್ನು ಕರೆತರುವುದು ಕಾನೂನಿಗೆ ವಿರುದ್ಧವಾಗಿತ್ತು. ಊರಲ್ಲಿ ಅಜ್ಜಿ ತೀರಿಕೊಂಡ ಮೇಲೆ ಬಿಡಲು ಬೇರೆ ಮನೆಯಿಲ್ಲದೆ, ಕಾರಿನ ಹಿಂದುಗಡೆ ಕೋಟುಗಳ ಕೆಳಗೆ ಮಲಗಿಸಿ ಗಡಿ ದಾಟಿಸಿ ತಂದರು.

ಬೆಳಿಗ್ಗೆ ಅಪ್ಪ ಅಮ್ಮ ಹೊರಗಿನಿಂದ ಬೀಗ ಹಾಕಿಕೊಂಡು ಹೋಗುತ್ತಿದ್ದರು. ಮಿರೆಲ್ಲಾ ಉಣ್ಣೆಯ ಕಾಲುಚೀಲದಲ್ಲೇ ನಡೆಯಬೇಕು. ಕಿಟಕಿಯ ಹತ್ತಿರ ಹೋಗಬಾರದು. ಕಕ್ಕಸಿಗೆ ನೀರು ಬಿಡಬಾರದು. ನಗು ಬಂದರೆ ದಿಂಬಿಗೆ ಮುಖ ಒತ್ತಿಕೊಂಡು ನಗಬೇಕು. ಒಂದು ಮಧ್ಯಾಹ್ನ ಕೆಳಮನೆಯಿಂದ ಇದ್ದಕ್ಕಿದ್ದಂತೆ ರೇಡಿಯೊ ಜೋರಾಯಿತು. ನೆಲ ಗುಂಯ್‌ಗುಡುವಷ್ಟು ಜೋರಾಗಿ ಹಾರ್ಮೋನಿಯಂ ಥರದ ವಾದ್ಯ, ಯಾರೋ ಹಾಡುವುದು. ಸಂಜೆ ಅವಳು ಅದನ್ನು ಅಪ್ಪನಿಗೆ ಹೇಳಿದಳು. ಸಾವೇರಿಯೊನ ಮುಖ ಬಿಳಿಚಿಕೊಂಡಿತು.

"ಅವರಿಗೆ ಕೇಳಿಸಿದೆ. ಸಿಟ್ಟು ಬಂದಿದೆ," ಎಂದ. "ಇನ್ನು ಮೇಲೆ ರೇಡಿಯೊ ಜೋರಾದ್ರೆ ಏನು ಮಾಡ್ಬೇಕು ಪುಟ್ಟಿ?"

"ಕೂತ್ಕೋಬೇಕು."

"ಎಲ್ಲಿ?"

"ಎಲ್ಲಿದ್ದೀನೋ ಅಲ್ಲೇ."

ಅದು ಪ್ರತಿದಿನ ಮಧ್ಯಾಹ್ನ ಜೋರಾಗುತ್ತಿತ್ತು. ಅವಳು ಇದ್ದಲ್ಲೇ ಕೂತು, ಮೊಣಕಾಲು ಅಪ್ಪಿಕೊಂಡು, ಅದು ಸಣ್ಣದಾಗುವ ತನಕ ಉಸಿರು ಬಿಗಿಹಿಡಿದಿರುತ್ತಿದ್ದಳು. ಒಂದು ಸಲ ಕೂತಲ್ಲೇ ಉಚ್ಚೆ ಹೊಯ್ದುಕೊಂಡಳು. ಕದಲಲಿಲ್ಲ.

ಆಮೇಲೆ ಸಾವೇರಿಯೊನಿಗೆ ಪೂರಾ ವರ್ಷದ ಪರವಾನಗಿ ಸಿಕ್ಕಿತು, ಮಗಳು ಎಲ್ಲರೆದುರಿಗೆ ಶಾಲೆಗೆ ಹೋದಳು. ಅವನ ಹೆದರಿಕೆ ಮಾತ್ರ ಹೋಗಲಿಲ್ಲ. ಮೆಟ್ಟಿಲ ಮೇಲೆ ಫ್ರಾವ್ ಎಗ್ಗರ್ ಎದುರಾದರೆ ಟೋಪಿ ತೆಗೆದು ಗೋಡೆಗೆ ಅಂಟಿಕೊಂಡು ನಿಲ್ಲುತ್ತಿದ್ದ. "ಕ್ಷಮಿಸಿ" ಎನ್ನುತ್ತಿದ್ದ. ಅವಳು ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಮೇಲೆ ಹತ್ತಿಬಿಟ್ಟಿರುತ್ತಿದ್ದ. ಸಾಯುವವರೆಗೂ ಮನೆಯೊಳಗೆ ಒಂದು ದಿನವೂ ಬೂಟು ಹಾಕಿಕೊಂಡು ನಡೆದವನಲ್ಲ.

*

ಫ್ರಾವ್ ಎಗ್ಗರ್ ಕೂತಲ್ಲಿಂದಲೇ ತಣ್ಣಗಿದ್ದ ಒಲೆಯನ್ನು ನೋಡಿದಳು, ಬರಿದಾದ ಮೇಜನ್ನು ನೋಡಿದಳು. ಆಮೇಲೆ ಮಿರೆಲ್ಲಾಳ ಕಡೆ ಬಾಗಿದಳು.

"ತಪ್ಪು ಹೊತ್ತಿಗೆ ಬಂದ್ನೇನಮ್ಮ? ಊಟ ಎಲ್ಲೋ ಹೊರಗೆ ಇಟ್ಕೊಂಡಿದೀರೇನೋ. ನನ್ನನ್ನ ಕರೀಲಿಲ್ಲ ಅಂತ ಬೇಜಾರಿಲ್ಲ. ನಿಮ್ಮಪ್ಪ ಮೊರಾಬಿಟೊ ಅವರ ಹೆಸರಲ್ಲಿ ಒಂದು ಲೋಟ ವೈನ್ ಕುಡೀಬೇಕು ಅಂತ ಆಸೆ ಇತ್ತು, ಅಷ್ಟೇ."

ಮಿರೆಲ್ಲಾ ತಗ್ಗಿದ ದನಿಯಲ್ಲಿ ಜರ್ಮನ್‌ನಲ್ಲೇ ತಮ್ಮ ಕಡೆಯ ಪದ್ಧತಿ ಹೇಳಿದಳು. ತೆರೆಸಿನಾಳಿಗೆ ಆ ಭಾಷೆ ಅರ್ಧಂಬರ್ಧ. ಬೇಗ ಬೇಗ ಆಡಿದರೆ ಅದೂ ಇಲ್ಲ.

"ಹಾಗಾದ್ರೆ ಇವರು ನಿನ್ನೆಯಿಂದ ಏನೂ..."

"ಏನೂ ಇಲ್ಲ."

"ದೇವರೇ. ಯಾವಾಗ ಕರೀತಾರೋ ಅಂತ ನಾನು ಕೆಳಗೆ ಕೂತು ಕಾಯ್ತಿದ್ದೆ." ಮುದುಕಿ ಊರುಗೋಲು ಹಿಡಿದು ಎದ್ದಳು. ಹೇಳದೆ ಕೇಳದೆ ಹೊರಟೇಹೋದಳು.

"ಹೋದ್ಲು ನೋಡು," ಎಂದ ಕೋಸಿಮೊ.

"ಬಿಡು. ಮೊದಲಿಂದ್ಲೂ ನಾವು ಅವಳಿಗೆ ಆಗಿಬರಲ್ಲ." ತೆರೆಸಿನಾ ಕಪ್ಪು ಬಟ್ಟೆಯ ತುದಿಯಿಂದ ಮೂಗು ಒರೆಸಿಕೊಂಡಳು. "ಬೆಳಿಗ್ಗೆ ಎಷ್ಟೊತ್ತಿಗೆ ಹೊರಡೋದು ಕೋಸಿಮೊ?"

ಮಿರೆಲ್ಲಾ ತುಟಿ ಕಚ್ಚಿಕೊಂಡಳು. ಪದ್ಧತಿ ಅವಳಿಗೆ ನಾನೇ ಹೇಳಿದೆ ಎಂದರೆ ಭಿಕ್ಷೆ ಬೇಡಿದೆಯಾ ಎಂದು ತಾಯಿ ಸಿಡಿಯುತ್ತಾಳೆ. ಕೋಸಿಮೊ ಎದ್ದು ಪೆಟ್ಟಿಗೆಯ ಭಾರ ಎತ್ತಿ ನೋಡಿದ.

ಬಹಳ ಹೊತ್ತಿನ ಮೇಲೆ ಮೆಟ್ಟಿಲಲ್ಲಿ ಸದ್ದಾಯಿತು. ಮಿರೆಲ್ಲಾ ಬಾಗಿಲು ತೆರೆದಳು. ಫ್ರಾವ್ ಎಗ್ಗರ್ ಊರುಗೋಲು ಕೆಳಗೇ ಬಿಟ್ಟು, ಬಟ್ಟೆ ಸುತ್ತಿದ ಪಾತ್ರೆಯನ್ನು ಎರಡೂ ಕೈಯಲ್ಲಿ ಹಿಡಿದು ಹತ್ತುತ್ತಿದ್ದಳು. ಒಂದು ಮೆಟ್ಟಿಲು ಹತ್ತಿ ನಿಲ್ಲುವಳು, ಮತ್ತೊಂದು ಹತ್ತುವಳು. ಮಿರೆಲ್ಲಾ ಕೈ ಚಾಚಿದರೆ ಕೊಡಲಿಲ್ಲ.

"ಬೇರೆ ಮನೆಯವರೇ ಕೊಡ್ಬೇಕು ಅಂದ್ಯಲ್ಲ. ಸರಿ ಆ ಕಡೆ."

ಬಾರ್ಲಿ ಸಾರು, ಹೊಗೆಯಲ್ಲಿ ಒಣಗಿಸಿದ ಮಾಂಸದ ಚೂರು. ಮುದುಕಿ ತಾನೇ ಬಡಿಸಿ, ಚಮಚ ತುಂಬಿ, ತೆರೆಸಿನಾಳ ಬಾಯಿಯ ಹತ್ತಿರ ತಂದಳು. ತೆರೆಸಿನಾ ಅವಳ ಮುಖವನ್ನೇ ನೋಡಿದಳು. ಆಮೇಲೆ ಬಾಯಿ ತೆರೆದಳು.

"ಉಪ್ಪು ಸಾಕಾ?"

"ಸಾಕು," ಎಂದಳು ತೆರೆಸಿನಾ. ಉಪ್ಪೇ ಇರಲಿಲ್ಲ.

"ನೀನೂ ತಿನ್ನಮ್ಮ," ಎಂದು ಫ್ರಾವ್ ಎಗ್ಗರ್ ಮಿರೆಲ್ಲಾಳಿಗೆ ಬಡಿಸಿದಳು. "ಸಣ್ಣವಳಿದ್ದಾಗಲೇ ಹಾಕ್ಬೇಕಿತ್ತು. ಮೇಲೆ ಒಬ್ಬಳೇ ಇರ್ತಿದ್ಯಲ್ಲ, ಆಗ."

ಮಿರೆಲ್ಲಾಳ ಕೈ ನಿಂತಿತು. "ನಿಮಗೆ ಗೊತ್ತಿತ್ತಾ?"

"ನನ್ನ ತಲೆ ಮೇಲೇ ಅಲ್ವಾ ನೀನು ಓಡಾಡ್ತಿದ್ದಿದ್ದು? ನನ್ನ ಪಕ್ಕದ ಮನೆಯವನು ಸರಿ ಇರ್ಲಿಲ್ಲ, ಪೊಲೀಸರ ಕಿವಿ ಊದೋ ಜಾತಿ. ಊಟಕ್ಕೆ ಅವನು ಮನೆಗೆ ಬರೋ ಹೊತ್ತಿಗೆ ನಾನು ರೇಡಿಯೊ ಜೋರಾಗಿ ಇಡ್ತಿದ್ದೆ. ಅಷ್ಟು ಹೊತ್ತಾದ್ರೂ ಮಗು ಹೆದರದೆ ಆಡ್ಕೊಳ್ಳಲಿ ಅಂತ." ಮುದುಕಿಯ ಮುಖದಲ್ಲಿ ನಗು ಬಂತು. "ಹಾಡಿನ ಸ್ಟೇಷನ್ನೇ ಹುಡುಕಿ ಹಾಕ್ತಿದ್ದೆ. ಕುಣೀತಿದ್ಯಲ್ವಾ? ಆ ಗಲಾಟೇಲಿ ನಂಗೇನೂ ಕೇಳಿಸ್ತಿರ್ಲಿಲ್ಲ."

ಐವತ್ತು ದಾಟಿದ ಮಿರೆಲ್ಲಾ ಬಟ್ಟಲಿನ ಕಡೆ ನೋಡಿದಳು.

"ಹೌದು," ಎಂದಳು. "ತುಂಬಾ ಕುಣೀತಿದ್ದೆ."

"ರೇಡಿಯೊ ಅಂದ್ಲಲ್ಲ, ಏನಂತೆ?" ತೆರೆಸಿನಾ ಮಗಳ ತೋಳು ಹಿಡಿದಳು. "ಏನೇ ಅದು?"

ಮಿರೆಲ್ಲಾ ತಮ್ಮ ಭಾಷೆಯಲ್ಲಿ ಹೇಳಿದಳು. ಒಂದೂ ಬಿಡದೆ ಹೇಳಿದಳು, ತಾನು ಹೇಳಿದ ಸುಳ್ಳನ್ನೂ ಹೇಳಿದಳು. ಕೋಸಿಮೊ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡ.

"ಅವನಿಗೆ ಗೊತ್ತಾಗ್ಲೇ ಇಲ್ವಲ್ಲೇ," ಎಂದಳು ತೆರೆಸಿನಾ. "ಇಷ್ಟು ವರ್ಷ ಇವಳಿಗೆ ಹೆದರ್ಕೊಂಡೇ ಬದುಕಿದ. ಹೆದರ್ಕೊಂಡೇ ಹೋದ." ಗಂಡ ಸತ್ತ ಮೇಲೆ ಮೊದಲ ಸಲ ಅವಳು ದನಿಯೆತ್ತಿ ಅತ್ತಳು. ಕಟ್ಟಡಕ್ಕೆಲ್ಲ ಕೇಳುವ ಹಾಗೆ ಅತ್ತಳು. ಫ್ರಾವ್ ಎಗ್ಗರ್ ಏನೂ ಅರ್ಥವಾಗದೆ ಅವಳ ಬೆನ್ನು ಸವರುತ್ತ ಕೂತಳು. ಆಮೇಲೆ ಬಟ್ಟಲಿಗೆ ಇನ್ನಷ್ಟು ಸಾರು ಹಾಕಿದಳು, ತೆರೆಸಿನಾ ಅದನ್ನೂ ತಿಂದಳು.

ಪಾತ್ರೆ ಬರಿದಾದಾಗ ಮುದುಕಿ ಹೊರಡಲು ಎದ್ದು, ಅದರ ಹಿಡಿಗೆ ಕೈ ಹಾಕಿದಳು. ತೆರೆಸಿನಾ ಇನ್ನೊಂದು ಹಿಡಿ ಹಿಡಿದುಕೊಂಡಳು.

"ಖಾಲಿ ಇಲ್ಲ," ಎಂದಳು ತನ್ನ ಮುರುಕು ಜರ್ಮನ್‌ನಲ್ಲಿ. "ಖಾಲಿ ಕೊಡಲ್ಲ. ಭಾನುವಾರ. ನಾನು. ಕೆಳಗೆ."

"ಅತ್ತಿಗೆ, ನಾಳೆ ಬೆಳಿಗ್ಗೆ ನಾವು..." ಎಂದ ಕೋಸಿಮೊ.

ಅವಳು ತಿರುಗಿಯೂ ನೋಡಲಿಲ್ಲ.

"ನನಗಿರೋದು ಇದೊಂದೇ ದೊಡ್ಡ ಪಾತ್ರೆ ಕಣ್ರೀ," ಎಂದಳು ಫ್ರಾವ್ ಎಗ್ಗರ್, "ಕೊಟ್ಬಿಡಿ."

"ಭಾನುವಾರ."

ಮೇಜಿನ ಈ ಕಡೆ ಒಬ್ಬಳು, ಆ ಕಡೆ ಒಬ್ಬಳು, ಇಬ್ಬರು ಮುದುಕಿಯರೂ ಪಾತ್ರೆಯ ಒಂದೊಂದು ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡು ನಿಂತಿದ್ದರು.